ಕ್ಯಾನ್ ವಾಪಸ್ ಕೊಟ್ಟೆವು, ಡಿಪಾಸಿಟ್ ಪೂರ್ತಿ ಬರಲಿಲ್ಲ: ಏನು ಮಾಡಬಹುದು?

ಪ್ರಶ್ನೆ: ನಾವು ಪೆರ್ಲದ ಹತ್ತಿರದವರು. ಏಪ್ರಿಲ್‌ನಲ್ಲಿ ನಮ್ಮ ಮನೆ ಒಕ್ಕಲು ಇತ್ತು. ಗಡಿಯಾಚೆ, ವಿಟ್ಲ ಕಡೆಯ ಒಂದು ಹೋಲ್‌ಸೇಲ್ ಅಂಗಡಿಯಿಂದ 20 ಲೀಟರಿನ 16 ನೀರಿನ ಕ್ಯಾನ್ ಮತ್ತು ಗಾಜಿನ ಬಾಟ್ಲಿಯ ಜ್ಯೂಸ್ 5 ಕ್ರೇಟ್ ತಂದೆವು. ನೀರಿನ ಮತ್ತು ಜ್ಯೂಸಿನ ದುಡ್ಡು ಬೇರೆ. ಅದಲ್ಲದೆ ಕ್ಯಾನ್ ಒಂದಕ್ಕೆ 250, ಕ್ರೇಟ್ ಒಂದಕ್ಕೆ 500 ರೂಪಾಯಿ ಡಿಪಾಸಿಟ್ ತೆಗೆದುಕೊಂಡರು. ಒಟ್ಟು 6,500. ಚೀಟಿಯಲ್ಲಿ ‘ಡಿಪಾಸಿಟ್ 6,500’ ಅಂತ ಒಂದೇ ಸಾಲು ಬರೆದುಕೊಟ್ಟರು. ಹತ್ತು ದಿನದಲ್ಲಿ ಎಲ್ಲ ವಾಪಸ್ ಕೊಟ್ಟೆವು. ಒಂದು ಕ್ಯಾನ್ ಸೀಳಿತ್ತು, ನಾಲ್ಕು ಬಾಟ್ಲಿ ಒಡೆದಿತ್ತು, ಅದು ನಮ್ಮದೇ ತಪ್ಪು. ಆದರೆ ಅವರು ಉಳಿದ 15 ಕ್ಯಾನಿಗೂ ‘ಸರ್ವಿಸ್ ಚಾರ್ಜ್’ ಅಂತ ತಲಾ 100 ಹಿಡಿದುಕೊಂಡರು. ಸೀಳಿದ ಕ್ಯಾನಿಗೆ ಏನೂ ಕೊಡಲಿಲ್ಲ. ಒಡೆದ ಬಾಟ್ಲಿಗೆ ತಲಾ 50 ಕಡಿತ ಮಾಡಿದರು. ಕೈಗೆ ಬಂದದ್ದು 4,550. ಕೇಳಿದರೆ, ‘ಡಿಪಾಸಿಟ್ ಎಷ್ಟು ಬೇಕಾದರೂ ಇಡಬಹುದು, ಕಣ್ಣೂರಿನಲ್ಲಿ ಸರಕಾರವೇ ಬಾಟ್ಲಿಗೆ 20 ತೆಗೆದುಕೊಳ್ಳುವುದಿಲ್ವಾ’ ಅಂದರು. ನೆಂಟರೊಬ್ಬರು, ‘ಎಂಆರ್‌ಪಿ ಮೇಲೆ ಒಂದು ರೂಪಾಯಿ ಡಿಪಾಸಿಟ್ ತೆಗೆದುಕೊಂಡರೂ ಅಪರಾಧ’ ಅನ್ನುತ್ತಾರೆ. ಯಾರು ಸರಿ? ಅಂಗಡಿ ಕರ್ನಾಟಕದಲ್ಲಿದೆ, ನಾವು ಕೇರಳದವರು. ದೂರು ಕೊಡುವುದು ಎಲ್ಲಿ?

ಉತ್ತರ: ನಾನು ಕಾಸರಗೋಡಿನಲ್ಲಿ ಗ್ರಾಹಕರ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ವಕೀಲ. ನಿಮ್ಮ ಪತ್ರ ಓದುವಾಗ ಮೊದಲು ಹಿಡಿಸಿದ್ದು, ಒಡೆದದ್ದನ್ನು ಒಡೆದದ್ದು ಅಂತಲೇ ಬರೆದಿದ್ದೀರಿ. ಇದರಿಂದ ಲೆಕ್ಕ ಸುಲಭವಾಗುತ್ತದೆ, ನಿಮ್ಮ ಮಾತಿಗೂ ತೂಕ ಬರುತ್ತದೆ.

ಅಂಗಡಿಯವರೂ ಸರಿಯಲ್ಲ, ನಿಮ್ಮ ನೆಂಟರೂ ಸರಿಯಲ್ಲ. ನೆಂಟರ ಮಾತನ್ನೇ ಮೊದಲು ನೋಡೋಣ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಜನ ನಂಬಿರುವುದು ಅದನ್ನೇ.

ಎಂಆರ್‌ಪಿ ಅಂದರೆ ಒಳಗಿನ ವಸ್ತುವಿನ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿ. 2011ರ ಪ್ಯಾಕೇಜ್ಡ್ ಕಮೊಡಿಟೀಸ್ ನಿಯಮಗಳ ಪ್ರಕಾರ ಅಂಗಡಿಯವರು ಅದಕ್ಕಿಂತ ಜಾಸ್ತಿಗೆ ಮಾರುವಂತಿಲ್ಲ. ‘ಫ್ರಿಜ್ಜಿನಲ್ಲಿ ಇಟ್ಟದ್ದು’ ಅಂತ ಎರಡು ರೂಪಾಯಿ ಸೇರಿಸುವುದೂ ತಪ್ಪೇ. 25 ಲೀಟರಿಗಿಂತ ದೊಡ್ಡ ಪ್ಯಾಕೆಟಿಗೆ ಆ ನಿಯಮ ಬರುವುದಿಲ್ಲ. 20 ಲೀಟರಿನ ಕ್ಯಾನ್ ಅದಕ್ಕಿಂತ ಚಿಕ್ಕದು, ಹಾಗಾಗಿ ನಿಯಮದ ಒಳಗೇ ಇದೆ. ಆದರೆ ಡಿಪಾಸಿಟ್ ಬೆಲೆಯಲ್ಲ. ಕ್ಯಾನ್ ಕಂಪನಿಯದ್ದು, ನೀವು ಕೊಂಡದ್ದು ನೀರು ಮಾತ್ರ. ಕ್ಯಾನ್ ವಾಪಸ್ ತರುತ್ತೀರಿ ಎಂಬ ಭರವಸೆಗೆ ದುಡ್ಡು ಇಟ್ಟಿದ್ದೀರಿ. ಆ ದುಡ್ಡು ಪೂರ್ತಿ ವಾಪಸ್ ಬರುವವರೆಗೆ ಎಂಆರ್‌ಪಿ ಜೊತೆ ಅದಕ್ಕೆ ಸಂಬಂಧ ಇಲ್ಲ. ಡಿಪಾಸಿಟ್ ತೆಗೆದುಕೊಂಡದ್ದೇ ಅಪರಾಧ ಅಂತ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ.

ಈಗ ಅದೇ ಮಾತನ್ನು ಈಚೆಯಿಂದ ನೋಡಿ. ಸರಿಯಾಗಿ ವಾಪಸ್ ಕೊಟ್ಟ ಕ್ಯಾನಿಗೆ 250ರಲ್ಲಿ 100 ರೂಪಾಯಿ ಹಿಡಿದುಕೊಂಡರೆ, ಆ 100 ಇನ್ನು ಡಿಪಾಸಿಟ್ ಆಗಿ ಉಳಿಯಲಿಲ್ಲ. ಅದು ನೀರಿನ ಬೆಲೆಗೆ ಸೇರಿತು. ಮೊದಲು ಮಾತಾಡಿದ ಬೆಲೆ ಒಂದು, ಕೊನೆಗೆ ವಸೂಲಿ ಮಾಡಿದ್ದು ಇನ್ನೊಂದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಕೊಟ್ಟಿರುವ ಕಾರಣಗಳಲ್ಲಿ ಇದೂ ಒಂದು: ಪ್ಯಾಕೆಟಿನ ಮೇಲೆ ಬರೆದದ್ದಕ್ಕಿಂತ, ಇಲ್ಲವೇ ಇಬ್ಬರೂ ಒಪ್ಪಿಕೊಂಡದ್ದಕ್ಕಿಂತ ಹೆಚ್ಚು ಬೆಲೆ ತೆಗೆದುಕೊಳ್ಳುವುದು. ನಿಮ್ಮ ಕೇಸಿನ ಗಟ್ಟಿ ಜಾಗ ಇದೇ. ಸರ್ವಿಸ್ ಚಾರ್ಜ್ ಇದೆ ಅಂತ ಕ್ಯಾನ್ ಕೊಡುವ ದಿನ ಹೇಳಿದ್ದರೆ ನೀವು ಬೇರೆ ಅಂಗಡಿಗೆ ಹೋಗುತ್ತಿದ್ದಿರಿ, ಅಲ್ವಾ? ವಾಪಸ್ ಕೊಟ್ಟ ದಿನ ಹುಟ್ಟಿದ ಚಾರ್ಜಿಗೆ ನೀವು ಒಪ್ಪಿದ್ದೇ ಇಲ್ಲ.

ಇನ್ನು ಕಣ್ಣೂರಿನ ವಿಷಯ. ಕೇರಳ ಸರಕಾರದ ಮದ್ಯ ಮಾರಾಟ ನಿಗಮ ಬೆವ್ಕೊ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಆಯ್ದ ಮದ್ಯದಂಗಡಿಗಳಲ್ಲಿ ಪ್ಲಾಸ್ಟಿಕ್ ಬಾಟ್ಲಿಗೆ 20 ರೂಪಾಯಿ ಡಿಪಾಸಿಟ್ ಶುರು ಮಾಡಿದ್ದು ನಿಜ. ತಮಿಳುನಾಡಿನಲ್ಲಿ ಅಲ್ಲಿನ ಸರಕಾರಿ ಮದ್ಯ ನಿಗಮ ಟಾಸ್ಮಾಕ್ 2022ರ ಮೇ ತಿಂಗಳಲ್ಲಿ ನೀಲಗಿರಿಯಲ್ಲಿ ಬಾಟ್ಲಿಗೆ 10 ರೂಪಾಯಿ ಇಟ್ಟಿತು. ಕಾಡಿನಲ್ಲಿ ಎಸೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಬೆನ್ನು ಹತ್ತಿದ ಮೇಲೆ ಬಂದ ಕ್ರಮ ಅದು. ಎರಡೂ ಯೋಜನೆಗಳಲ್ಲಿ ಆಯಾ ಕಡೆಯ ಎಲ್ಲ ಅಂಗಡಿಗೂ ಮೊತ್ತ ಒಂದೇ, ಅದನ್ನು ನಿಗದಿ ಮಾಡಿದ್ದು ಅಂಗಡಿಯವನಲ್ಲ. ಬಾಟ್ಲಿಯ ಮೇಲೆ ಗುರುತಿನ ಸ್ಟಿಕ್ಕರ್ ಇರುತ್ತದೆ. ವಾಪಸ್ ಕೊಟ್ಟರೆ 20ಕ್ಕೆ 20, 10ಕ್ಕೆ 10 ಸಿಗಬೇಕು. ನಿಮ್ಮ ಅಂಗಡಿಯವರು ಆ ಉದಾಹರಣೆ ಕೊಟ್ಟದ್ದು ಒಳ್ಳೆಯದೇ ಆಯಿತು. ಅದು ಅವರ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಹಾಗಾದರೆ ನೀರಿನ ಕ್ಯಾನಿಗೆ, ಸೋಡಾ ಬಾಟ್ಲಿಗೆ ಇಷ್ಟೇ ಡಿಪಾಸಿಟ್ ಅಂತ ಯಾವ ಕಾನೂನಾದರೂ ಹೇಳುತ್ತದಾ? ಇಂತಿಷ್ಟು ರೂಪಾಯಿ ಅಂತ ಹೇಳುವುದಿಲ್ಲ. ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ 2022ರಲ್ಲಿ ಸೇರಿಸಿದ ಮಾರ್ಗಸೂಚಿಯಲ್ಲಿ, ಕಂಪನಿಗಳು ಬೇಕಾದರೆ ಡಿಪಾಸಿಟ್ ಯೋಜನೆ ನಡೆಸಬಹುದು ಅಂತಿದೆ. ಕಡ್ಡಾಯ ಇಲ್ಲ, ಮೊತ್ತವೂ ಇಲ್ಲ. ಆದರೆ ಮೊತ್ತ ಇಲ್ಲ ಅಂದ ಮಾತ್ರಕ್ಕೆ ಮಿತಿ ಇಲ್ಲ ಅಂತಲ್ಲ. ಗ್ರಾಹಕ ಕಾಯ್ದೆ ‘ಅನ್ಯಾಯದ ಕರಾರು’ ಎಂದು ಕರೆಯುವ ಪಟ್ಟಿಯ ಮೊದಲನೇ ಸಾಲೇ ಇದು: ಗ್ರಾಹಕರಿಂದ ಕಣ್ಣಿಗೆ ಕಾಣುವಷ್ಟು ವಿಪರೀತ ಭದ್ರತಾ ಠೇವಣಿ ಕೇಳುವುದು. ಎರಡನೇ ಸಾಲು: ಆದ ನಷ್ಟಕ್ಕೆ ಏನೇನೂ ಹೊಂದದ ದಂಡ ಹಾಕುವುದು. ಈ ಎರಡೂ ಮಾತು ಬಾಟ್ಲಿ-ಕ್ಯಾನ್‌ಗೆ ಅಂತಲೇ ಬರೆದದ್ದಲ್ಲ, ಆದರೆ ಬರೆದ ಹಾಗೆಯೇ ಇವೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ‘ಅನ್ಯಾಯದ ಕರಾರು’ ಅಂತ ಹೆಸರಿಟ್ಟು ಕೊಡುವ ದೂರನ್ನು ಜಿಲ್ಲಾ ಗ್ರಾಹಕ ಆಯೋಗ ಕೇಳುವಂತಿಲ್ಲ. ಅದಕ್ಕೆ ರಾಜ್ಯ ಆಯೋಗಕ್ಕೇ ಹೋಗಬೇಕು. ಎರಡು ಸಾವಿರ ರೂಪಾಯಿಯ ವಿಷಯಕ್ಕೆ ಯಾರು ಅಷ್ಟು ದೂರ ಹೋಗುತ್ತಾರೆ? ಹಾಗಾಗಿ ನಾನು ಇಂಥ ಕೇಸುಗಳಲ್ಲಿ ‘ಡಿಪಾಸಿಟ್ ಜಾಸ್ತಿ’ ಅನ್ನುವುದನ್ನು ಮುಂದೆ ಇಡುವುದೇ ಇಲ್ಲ. ‘ಒಪ್ಪಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದಾರೆ, ವಾಪಸ್ ಕೊಡಬೇಕಾದ ದುಡ್ಡು ಕೊಟ್ಟಿಲ್ಲ, ಸರಿಯಾದ ಬಿಲ್ ಕೊಟ್ಟಿಲ್ಲ’ ಅಂತ ಬರೆಯುತ್ತೇನೆ. ಇವು ಮೂರೂ ಜಿಲ್ಲಾ ಆಯೋಗದ ಕೈಯಳತೆಯವು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಅದೇ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ.

ಈಗ ನಿಮ್ಮ ಲೆಕ್ಕ ಮಾಡೋಣ. ಸೀಳಿದ ಕ್ಯಾನಿನ 250 ಬಿಟ್ಟುಬಿಡಿ. ಬಾಟ್ಲಿಗೆ 50 ಹೇಗೆ ಬಂತು? ಕ್ರೇಟಿನ ಡಿಪಾಸಿಟ್ 500. ಅದರಲ್ಲಿ 24 ಬಾಟ್ಲಿ ಮತ್ತು ಒಂದು ಪ್ಲಾಸ್ಟಿಕ್ ಕ್ರೇಟ್. ಬಾಟ್ಲಿಗೆ 50ರಂತೆ ಹಿಡಿದರೆ 24 ಬಾಟ್ಲಿಗೇ 1,200 ಆಗುತ್ತದೆ. 500 ರೂಪಾಯಿ ಡಿಪಾಸಿಟ್ ಇಟ್ಟ ಕ್ರೇಟಿನಲ್ಲಿ 1,200 ರೂಪಾಯಿಯ ಬಾಟ್ಲಿ ಇರುವುದು ಹೇಗೆ? ಅವರೇ ಹಾಕಿದ ಎರಡು ಅಂಕೆ ಒಂದಕ್ಕೊಂದು ಕೂಡುವುದಿಲ್ಲ. ಖಾಲಿ ಕ್ರೇಟಿಗೆ 140 ಅಂತ ಹಿಡಿದರೆ ಬಾಟ್ಲಿಗೆ 15 ಬೀಳುತ್ತದೆ, ನಾಲ್ಕಕ್ಕೆ 60. ಹಾಗಾದರೆ ನ್ಯಾಯವಾಗಿ ಕಡಿತ ಆಗಬೇಕಾದದ್ದು 310. ನಿಮಗೆ ಬರಬೇಕಾದದ್ದು 6,190, ಬಂದದ್ದು 4,550. ಬಾಕಿ 1,640. ಕೇಳುವಾಗ ಈ ಅಂಕೆಯನ್ನೇ ಕೇಳಿ. ‘ಪೂರ್ತಿ 6,500 ಕೊಡಿ’ ಅಂದರೆ ಮಾತು ಒಡೆದ ಬಾಟ್ಲಿಯ ಮೇಲೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಕ್ರೇಟಿಗೆ ಎಷ್ಟು, ಬಾಟ್ಲಿಗೆ ಎಷ್ಟು ಅಂತ ಚೀಟಿಯಲ್ಲಿ ಬರೆದಿದ್ದರೆ ಈ 140ರ ಅಂದಾಜೇ ಬೇಕಿರಲಿಲ್ಲ. ಒಟ್ಟು ಮೊತ್ತದ ಒಂದೇ ಸಾಲು ಅಂಗಡಿಯವರಿಗೆ ಅನುಕೂಲ. ವಾಪಸ್ ಕೊಡುವ ದಿನ ಅದನ್ನು ಅವರಿಗೆ ಬೇಕಾದ ಹಾಗೆ ಬಿಡಿಸಬಹುದು.

ಅಂಗಡಿಯವರು ಯಾಕೆ ಹೀಗೆ ಮಾಡುತ್ತಾರೆ ಅನ್ನುವುದನ್ನೂ ಹೇಳಬೇಕು. ಅವರನ್ನು ಬೈಯುವುದರಿಂದ ಏನೂ ಬರುವುದಿಲ್ಲ. ಕ್ಯಾನ್ ಮತ್ತು ಬಾಟ್ಲಿ ಒಂದು ಸರಪಳಿಯಲ್ಲಿ ಬರುತ್ತವೆ. ಕಂಪನಿ ಡೀಲರಿನಿಂದ ಡಿಪಾಸಿಟ್ ತೆಗೆದುಕೊಳ್ಳುತ್ತದೆ, ಡೀಲರ್ ಅಂಗಡಿಯಿಂದ, ಅಂಗಡಿ ನಮ್ಮಿಂದ. ಖಾಲಿ ಬಾಟ್ಲಿ ಇಟ್ಟುಕೊಳ್ಳಲು ಜಾಗ ಬೇಕು, ಒಳಗೆ ಇರುವೆ, ಜೇನುನೊಣ. ಗಾಡಿ ಬಂದಾಗ ಎಣಿಸಿ ಹಾಕಲು ಒಬ್ಬ ಹುಡುಗ ಬೇಕು. ಬಾಯಿ ಚೂರು ಕಿತ್ತ ಬಾಟ್ಲಿಯನ್ನು ಡೀಲರ್ ಎತ್ತಿಡುತ್ತಾನೆ, ಅದು ಅಂಗಡಿಯ ನಷ್ಟ. ಈ ಕೆಲಸಕ್ಕೆ ಅಂಗಡಿಗೆ ಮೇಲಿನಿಂದ ಏನಾದರೂ ಸಿಗುವುದು ಕಡಿಮೆ. ಸಿಗದ್ದನ್ನು ಕೆಳಗಿನಿಂದ, ನಿಮ್ಮ ಡಿಪಾಸಿಟ್‌ನಿಂದ ಹಿಡಿದುಕೊಳ್ಳುತ್ತಾರೆ. ಕಷ್ಟ ನಿಜ, ದಾರಿ ತಪ್ಪು. ಸಾಗಾಟ, ತೊಳೆಯುವ ಖರ್ಚು ಇದ್ದರೆ ಮೊದಲೇ ಹೇಳಿ ಬೇರೆ ಬಿಲ್ ಮಾಡಬೇಕು.

ಇನ್ನೊಂದು ಕಾರಣ ಇದೆ, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಂಗಡಿಯವರು ಡೀಲರಿಗೆ ಕ್ಯಾನಿಗೆ 150 ಕೊಟ್ಟು ನಿಮ್ಮಿಂದ 250 ತೆಗೆದುಕೊಂಡರು ಅಂತ ಇಟ್ಟುಕೊಳ್ಳಿ. ನೀವು ಕ್ಯಾನ್ ವಾಪಸ್ ಕೊಡದಿದ್ದರೆ ಅವರಿಗೆ 100 ಲಾಭ. ಕೊಟ್ಟರೆ ಲಾಭ ಇಲ್ಲ. ಡಿಪಾಸಿಟ್ ಇರುವುದೇ ಖಾಲಿ ಕ್ಯಾನ್ ವಾಪಸ್ ಬರಲಿ ಅಂತ. ಮೊತ್ತ ತೀರಾ ಕಡಿಮೆಯಾದರೆ ಜನ ವಾಪಸ್ ತರುವುದಿಲ್ಲ, ತೀರಾ ಹೆಚ್ಚಾದರೆ ಅಂಗಡಿಯವರಿಗೆ ವಾಪಸ್ ಬರುವುದು ಬೇಡ. ‘ಇವತ್ತು ಗೋಡೌನ್ ಬಾಗಿಲು ಹಾಕಿದೆ’, ‘ಹುಡುಗ ಇಲ್ಲ, ನಾಳೆ ಬನ್ನಿ’ ಅನ್ನುವುದು ಇಲ್ಲಿಂದ ಶುರು. ಮೂರು ಸಲ ಓಡಾಡಿದವರು ಕ್ಯಾನನ್ನು ಹಿತ್ತಿಲಲ್ಲಿ ಬಿಡುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ. ಕ್ಯಾನ್ ಮತ್ತೆ ಮತ್ತೆ ತುಂಬಬೇಕಾದದ್ದು, ಒಂದೇ ಸಲಕ್ಕೆ ಕಸವಾಯಿತು. ನನಗೆ ಬೇಜಾರಾಗುವುದು ಇದಕ್ಕೇ. ನಮ್ಮ ಊರುಗಳಲ್ಲಿ ಮದುವೆ, ಉಪನಯನ, ಕೋಲಗಳಲ್ಲಿ ಚಿಕ್ಕ ಪ್ಲಾಸ್ಟಿಕ್ ಬಾಟ್ಲಿ ಬಿಟ್ಟು ದೊಡ್ಡ ಕ್ಯಾನ್, ಸ್ಟೀಲ್ ಲೋಟ ಇಡಲು ಜನ ಮನಸ್ಸು ಮಾಡಿದ್ದಾರೆ. ಹಾಗೆ ಮಾಡಿದವರಿಗೆ ಸಾವಿರದೈನೂರು ಕೈಬಿಟ್ಟರೆ ಮುಂದಿನ ಸಲ ಅವರು ಮತ್ತೆ ಚಿಕ್ಕ ಬಾಟ್ಲಿಯ ಬಾಕ್ಸೇ ತರುತ್ತಾರೆ.

ಹಳೆಯ ಗೋಲಿ ಸೋಡಾದವರು ಇದನ್ನು ಬೇರೆ ರೀತಿ ನಿಭಾಯಿಸಿದ್ದರು. ಡಿಪಾಸಿಟ್ಟೇ ಇಲ್ಲ. ಅಂಗಡಿ ಮುಂದೆ ನಿಂತು ಕುಡಿಯಬೇಕು, ಬಾಟ್ಲಿ ಅಲ್ಲೇ ಇಡಬೇಕು. ಸೋಡಾಕ್ಕಿಂತ ಬಾಟ್ಲಿಯೇ ಬೆಲೆಯುಳ್ಳದ್ದು ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಚಿಕ್ಕವನಿದ್ದಾಗ ಬಾಟ್ಲಿ ಮನೆಗೆ ಬೇಕಾದರೆ ಅಂಗಡಿಯವರು ಒಂದು ನೋಟ್‌ಬುಕ್ಕಿನಲ್ಲಿ ಅಪ್ಪನ ಹೆಸರು, ಪಕ್ಕದಲ್ಲಿ ಎಷ್ಟು ಬಾಟ್ಲಿ ಅಂತ ಅಷ್ಟು ಗೀರು ಎಳೆಯುತ್ತಿದ್ದರು. ವಾಪಸ್ ಕೊಟ್ಟಾಗ ನಮ್ಮ ಕಣ್ಣೆದುರೇ ಗೀರಿನ ಮೇಲೆ ಕಾಟು ಹೊಡೆಯುತ್ತಿದ್ದರು. ಎಣಿಕೆ ಇಬ್ಬರಿಗೂ ಕಾಣುತ್ತಿತ್ತು.

ಮುಂದೇನು ಮಾಡಬೇಕು ಅಂದರೆ, ಮೊದಲು ಅಂಗಡಿಗೇ ಹೋಗಿ, ಜಗಳಕ್ಕಲ್ಲ. ಚೀಟಿಯ ಜೆರಾಕ್ಸ್, ಮೇಲಿನ ಲೆಕ್ಕ ಬರೆದ ಹಾಳೆ ಒಂದು ಹಿಡಿದುಕೊಳ್ಳಿ. ಗಿರಾಕಿಗಳು ಜಾಸ್ತಿ ಇರುವ ಹೊತ್ತಿಗೆ ಹೋಗಬೇಡಿ. ಎಲ್ಲರ ಎದುರು ಕೇಳಿದರೆ ಅವರು ಬಿಗಿಯಾಗುತ್ತಾರೆ. ‘ಸರ್ವಿಸ್ ಚಾರ್ಜ್ ಯಾವ ದಿನ ಹೇಳಿದ್ದಿರಿ? ಬಾಟ್ಲಿಗೆ 50 ಹೇಗೆ ಬಂತು?’ ಈ ಎರಡೇ ಪ್ರಶ್ನೆ ಸಾಕು. ನನ್ನ ಹತ್ತಿರ ಬಂದ ಇಂಥ ತಕರಾರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿದಿವೆ. ಅರ್ಧ ಕೊಡುತ್ತೇನೆ ಅಂದರೆ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ತೆಗೆದುಕೊಂಡು ‘ಲೆಕ್ಕ ಚುಕ್ತಾ’ ಅಂತ ಸಹಿ ಹಾಕಿದರೆ ಮುಂದೆ ಕೇಳುವುದು ಕಷ್ಟ.

ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಖರ್ಚಿಲ್ಲ. ಆದರೆ ಅವರು ರಾಜಿಗೆ ಪ್ರಯತ್ನ ಮಾಡುತ್ತಾರೆ ಅಷ್ಟೇ, ತೀರ್ಪು ಕೊಡುವುದಿಲ್ಲ. ದೊಡ್ಡ ಕಂಪನಿಗಳು ಅದಕ್ಕೆ ಬೇಗ ಉತ್ತರ ಕೊಡುತ್ತವೆ, ಊರಿನ ಚಿಕ್ಕ ಅಂಗಡಿ ಸುಮ್ನೆ ಇದ್ದುಬಿಡುವುದೂ ಉಂಟು.

ಲೀಗಲ್ ಮೆಟ್ರಾಲಜಿಯವರಿಗೆ, ಅಂದರೆ ತೂಕ-ಅಳತೆ ಇಲಾಖೆಗೆ, ದೂರು ಕೊಡಿ ಅಂತ ಯಾರಾದರೂ ಹೇಳಬಹುದು. ಅಂಗಡಿ ಕರ್ನಾಟಕದಲ್ಲಿರುವುದರಿಂದ ಅಲ್ಲಿನ ಇಲಾಖೆಗೇ ಹೋಗಬೇಕು, ಕಾಸರಗೋಡಿನವರು ಗಡಿ ದಾಟಿ ಬರುವುದಿಲ್ಲ. ಎಂಆರ್‌ಪಿ ಮೀರಿ ಮಾರಿದ್ದಕ್ಕೆ ಅವರು ಅಂಗಡಿಗೆ ದಂಡ ಹಾಕಬಹುದು, ಆದರೆ ಆ ದಂಡ ಸರಕಾರಕ್ಕೆ. ನಿಮ್ಮ 1,640 ತೆಗೆಸಿಕೊಡುವ ಅಧಿಕಾರ ಅವರಿಗಿಲ್ಲ. ಅಂಗಡಿಗೆ ಬುದ್ಧಿ ಕಲಿಸಬೇಕು ಅಂದರೆ ಆ ದಾರಿ, ದುಡ್ಡು ಬೇಕು ಅಂದರೆ ಅದಲ್ಲ.

ದುಡ್ಡಿನ ದಾರಿ ಗ್ರಾಹಕ ಆಯೋಗ. ಗಡಿಯ ಚಿಂತೆ ಇಲ್ಲಿ ಬೇಡ. ಹಳೆಯ ಕಾಯ್ದೆಯಲ್ಲಿ ಅಂಗಡಿ ಇರುವ ಕಡೆ, ವ್ಯವಹಾರ ನಡೆದ ಕಡೆ ಓಡಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಕಾಸರಗೋಡು ಜಿಲ್ಲಾ ಆಯೋಗ. ಗಡಿಯಲ್ಲಿ ಇರುವ ನಮಗೆ ಇದು ದೊಡ್ಡ ಬದಲಾವಣೆ. ಸಾಮಾನು ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಕೊಂಡು, ದೂರಿಗೆ ಮತ್ತೆ ಅಲ್ಲಿಗೇ ಹೋಗಬೇಕು ಅಂತ ಎಷ್ಟೋ ಜನ ಕೈಬಿಡುತ್ತಿದ್ದರು. 5 ಲಕ್ಷದವರೆಗಿನ ಸಾಮಾನಿಗೆ ದೂರಿನ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದ ಒಳಗೆ ಕೊಡಬೇಕು, ಆನ್‌ಲೈನಿನಲ್ಲಿ ಇ-ಜಾಗೃತಿ ಮೂಲಕವೂ ಆಗುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದ ನಮಗೆ ಬಂದಿದೆ, ಅದನ್ನು ಬಳಸಿ. ಆಯೋಗದ ದೂರಿಗೆ ಮಾತ್ರ ಕನ್ನಡದ ಜೊತೆ ಮಲಯಾಳ ಇಲ್ಲವೇ ಇಂಗ್ಲಿಷ್ ಪ್ರತಿ ಒಂದನ್ನು ಲಗತ್ತಿಸಿದರೆ ಒಂದು ವಾಯಿದೆ (ವಿಚಾರಣೆಯ ದಿನ) ಉಳಿಯುತ್ತದೆ.

ತೊಂದರೆ ಏನು ಅಂತಲೂ ಕೇಳಿ. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ವಾಯಿದೆಗೆ ಬಂದು ಹೋಗುವ ಬಸ್ಸಿನ ಖರ್ಚು, ಒಂದು ದಿನದ ಕೆಲಸ. ಹಾಗಾಗಿ ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, 15 ದಿನ ಗಡುವು ಕೊಡಿ. ನೀವೇ ಬರೆದರೂ ಸಾಕು. ಆಯೋಗದ ಹೆಸರು ಇರುವ ಕಾಗದ ಕೈಗೆ ಬಂದ ಮೇಲೆ ಅಂಗಡಿಯವರ ಮಾತಿನ ಧಾಟಿ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸಾಕ್ಷಿ ನಿಮ್ಮ ಹತ್ತಿರ ಇರುವುದಕ್ಕಿಂತ ಜಾಸ್ತಿಯೇ ಇರಬಹುದು. ದುಡ್ಡು ಗೂಗಲ್ ಪೇಯಲ್ಲಿ ಹಾಕಿದ್ದಿರಾ? ಅದರ ತಾರೀಕು, ಮೊತ್ತ ಉಳಿದಿರುತ್ತದೆ. ಒಕ್ಕಲಿನ ಫೋಟೋಗಳಲ್ಲಿ ಚಪ್ಪರದ ಬದಿಗೆ ಸಾಲಾಗಿ ಇಟ್ಟ ಕ್ಯಾನ್ ಕಾಣುತ್ತದಾ ನೋಡಿ. ವಾಪಸ್ ಕೊಂಡುಹೋದ ಪಿಕಪ್ಪಿನ ಡ್ರೈವರಿಗೆ ಎಷ್ಟು ಇಳಿಸಿದ್ದು ಅಂತ ನೆನಪಿರುತ್ತದೆ. ಚೀಟಿ ಕಳೆದುಹೋದರೂ ಡಿಪಾಸಿಟ್ ಕಳೆದುಹೋಗುವುದಿಲ್ಲ, ತೋರಿಸುವುದು ಸ್ವಲ್ಪ ಕಷ್ಟವಾಗುತ್ತದೆ ಅಷ್ಟೇ. ಚೀಟಿಯಲ್ಲಿ ಡಿಪಾಸಿಟ್ ಮೇಲೆ ಜಿಎಸ್‌ಟಿ ಹಾಕಿದ್ದಾರಾ ಅಂತಲೂ ನೋಡಿಕೊಳ್ಳಿ. ವಾಪಸ್ ಕೊಡುವ ಡಿಪಾಸಿಟ್‌ಗೆ ಜಿಎಸ್‌ಟಿ ಇಲ್ಲ. ಅದನ್ನು ಬೆಲೆಗೆ ಸೇರಿಸಿಕೊಂಡಾಗ ಮಾತ್ರ ತೆರಿಗೆ ಬರುತ್ತದೆ. ಹಾಕಿದ್ದರೆ ಅದು ಬೆಲೆ ಅಂತ ಅವರೇ ಬರೆದುಕೊಟ್ಟ ಹಾಗೆ.

ಮುಂದಿನ ಸಲಕ್ಕೆ ಹೇಳುವುದಾದರೆ, ಕ್ಯಾನ್ ಗಾಡಿಗೆ ಏರುವ ಮೊದಲು ಅಂಗಡಿಯವರ ವಾಟ್ಸಪ್ಪಿಗೆ ಹೀಗೆ ಒಂದು ಮೆಸೇಜ್ ಹಾಕಿ: ‘16 ಕ್ಯಾನ್, ತಲಾ 250. ಖಾಲಿ ಕ್ರೇಟ್ 5, ತಲಾ 140. ಬಾಟ್ಲಿ 120, ತಲಾ 15. ವಾಪಸ್ ಕೊಟ್ಟಾಗ ಪೂರ್ತಿ ವಾಪಸ್, ಒಡೆದರೆ ಇದೇ ರೇಟ್.’ ಅವರು ‘ಓಕೆ’ ಅಂತ ಹಾಕಿದರೆ ಸಾಕು, ಅದಕ್ಕಿಂತ ದೊಡ್ಡ ಕರಾರು ಬೇಡ. ಇಳಿಸಿಕೊಳ್ಳುವಾಗಲೇ ಬಾಟ್ಲಿಯ ಬಾಯಿಯ ಸುತ್ತ ಬೆರಳು ಆಡಿಸಿ. ಚೂರು ಕಿತ್ತದ್ದು ಉಗುರಿಗೆ ಸಿಗುತ್ತದೆ. ಕ್ಯಾನನ್ನು ಬೆಳಕಿಗೆ ಹಿಡಿದರೆ ಅಡಿಯಲ್ಲಿ ಕೂದಲೆಳೆಯಂಥ ಸೀಳು ಇದ್ದರೆ ಕಾಣುತ್ತದೆ. ಅಂಥದ್ದನ್ನು ಅಲ್ಲೇ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಆ ಸೀಳು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಖಾಲಿ ಕ್ಯಾನನ್ನು, ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಟ್ಟುಬಿಡುವವರಿದ್ದಾರೆ. ಅವರು ಸಂತೋಷದಿಂದ ತೆಗೆದುಕೊಂಡಾರು, ಆದರೆ ಡಿಪಾಸಿಟ್ ವಾಪಸ್ ಬರುವುದು ಅಂಗಡಿಗೆ ಕೊಟ್ಟರೆ ಮಾತ್ರ.

ಇದನ್ನು ಒಬ್ಬೊಬ್ಬರೇ ಕೇಳಿ ಸರಿ ಮಾಡಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಎಂಆರ್‌ಪಿ ಮುದ್ರಿಸುವ ಜಾಗದಲ್ಲೇ ಡಿಪಾಸಿಟ್ ಎಷ್ಟು ಅಂತಲೂ ಮುದ್ರಿಸಬೇಕು. ಜರ್ಮನಿಯಲ್ಲಿ ಒಂದೇ ಸಲ ಬಳಸುವ ಬಾಟ್ಲಿಗೆ 25 ಸೆಂಟ್ ಅಂದರೆ ದೇಶಕ್ಕೆಲ್ಲ 25 ಸೆಂಟ್, ಅಂಗಡಿಯವರು ಕೂಡಿಸುವುದಕ್ಕೂ ಕಳೆಯುವುದಕ್ಕೂ ಇಲ್ಲ. ನಮ್ಮಲ್ಲಿ ಗೋವಾ 2024ರಲ್ಲಿ ಇಂಥ ಡಿಪಾಸಿಟ್ ಯೋಜನೆಯನ್ನು ಅಧಿಸೂಚನೆ ಮಾಡಿದೆ. ಕಾನೂನು ಬರುವವರೆಗೆ ನಿಮ್ಮ ಎಣ್ಮಕಜೆ ಪಂಚಾಯತಿನ ಗ್ರಾಮಸಭೆಯಲ್ಲಿ ಒಂದು ಮಾತು ಎತ್ತಬಹುದು: ಕ್ಯಾನ್, ಕ್ರೇಟ್ ಬಾಡಿಗೆಗೆ ಕೊಡುವ ಅಂಗಡಿಗಳು ಡಿಪಾಸಿಟ್ ದರವನ್ನು ಬೋರ್ಡಿನಲ್ಲಿ ಬರೆದು ಹಾಕಲಿ ಅಂತ. ಬೋರ್ಡಿನಲ್ಲಿ ಇದ್ದ ದರಕ್ಕಿಂತ ಹೆಚ್ಚು ತೆಗೆದುಕೊಂಡರೆ ಅದೂ ಗ್ರಾಹಕ ಕಾಯ್ದೆಯ ಪ್ರಕಾರ ದೂರಿಗೆ ಕಾರಣ. ಅಂಗಡಿಯವರಿಗೂ ಅದರಿಂದ ನಷ್ಟ ಇಲ್ಲ, ದಿನಾ ಚರ್ಚೆ ತಪ್ಪುತ್ತದೆ.

ಇನ್ನೊಂದು ಮಾತು. ಸೀಳಿದ ಕ್ಯಾನಿಗೆ ಪೂರ್ತಿ 250 ಹಿಡಿದುಕೊಂಡು ಕ್ಯಾನನ್ನೂ ಅವರೇ ಇಟ್ಟುಕೊಂಡಿದ್ದಾರೆ. ಅದರ ಬೆಲೆ ನೀವು ಕೊಟ್ಟಾಗಿದೆ. ಮಾತಾಡಲು ಹೋದ ದಿನ ಅದನ್ನೂ ಕೇಳಿ ತನ್ನಿ. ಮೇಲಿನ ಭಾಗ ಕೊಯ್ದು ಮಣ್ಣು ತುಂಬಿದರೆ ಒಂದು ಮಲ್ಲಿಗೆ ಗಿಡಕ್ಕೆ ಸರಿಯಾಗಿ ಆಗುತ್ತದೆ.